ಚೇಳಿನ ಅಳತೆ

ಮನೆ ರಿಪೇರಿಗೆ ನೆರವು ಕೊಡುವ ಸಂಸ್ಥೆಯೊಂದರಲ್ಲಿ ನನ್ನ ಕೆಲಸ. ದುಡ್ಡು ಕೊಡುವವರು ಪೋರ್ಚುಗಲ್‌ನಲ್ಲಿದ್ದಾರೆ, ಹಾಗಾಗಿ ನನ್ನ ವರದಿ ಇಂಗ್ಲಿಷಿನಲ್ಲೂ ಪೋರ್ಚುಗೀಸಿನಲ್ಲೂ ಹೋಗಬೇಕು. ಸಾಕ್ಷಿಯಿಲ್ಲದ ಮಾತನ್ನು ಅವರು ಎರಡು ಭಾಷೆಯಲ್ಲೂ ಒಪ್ಪುವುದಿಲ್ಲ.

ಹಳೇ ಚಿನ್ನದ ಗಣಿಯ ಕಾಲೊನಿ ಮೈಸೂರು ಮೈನ್ಸ್‌ನಲ್ಲಿ ಮುನಿಯಮ್ಮನವರ ಮನೆ ಗೋಡೆ ಬಿರುಕು ಬಿಟ್ಟಿತ್ತು. ಅಳೆದೆ, ಫೋಟೊ ತೆಗೆದೆ. "ಇದು ಬೆಳೀತಿದೆ ಅನ್ನೋದಕ್ಕೆ ಸಾಕ್ಷಿ ಏನಮ್ಮ?" ಅಂದೆ.

"ಮೊದ್ಲು ಇದ್ರಾಗೆ ಇರುವೆ ಓಗ್ತಿತ್ತು ಸಾರ್. ಓದ್ವರ್ಸ ಜಿರಳೆ ಓಯ್ತು. ಈಗ ಚೇಳು ಓಗಿ ಬಂದು ಮಾಡ್ತೈತೆ. ಇನ್ನೇನ್ ಬೇಕು?"

ನನಗೆ ತಲೆ ಕೆಟ್ಟಿತು. ಇದು ಸಾಕ್ಷಿಯೋ, ಬರೀ ಮಾತೋ? ಸುಳ್ಳು ಅನ್ನಲು ನನ್ನ ಹತ್ತಿರವೂ ಏನೂ ಇರಲಿಲ್ಲ. ಅವರು ಹೇಳಿದ್ದನ್ನು ಹಾಗೇ ಎರಡೂ ಭಾಷೆಯಲ್ಲಿ ಕಳಿಸಿಬಿಟ್ಟೆ.

ಬೈಗುಳ ಬರುತ್ತದೆ ಅಂದುಕೊಂಡಿದ್ದೆ. ಬಂದ ಉತ್ತರ ಬೇರೆ: ವಾದ ಚೆನ್ನಾಗಿದೆ, ಜಿರಳೆ ಮತ್ತು ಚೇಳಿನ ದಪ್ಪ ತಿಳಿಸಿದರೆ ಹಣ ಮಂಜೂರು ಮಾಡುತ್ತೇವೆ.

ಮುನಿಯಮ್ಮನವರ ಮನೆಗೆ ಹೋಗಲು ಬಂಗಾರಪೇಟೆಯಲ್ಲಿ ಮತ್ತೆ ಮಾರಿಕುಪ್ಪಂ ರೈಲು ಹತ್ತಿದೆ. ಸ್ಕೇಲ್ ಹಿಡಿದು ಬಿರುಕಿನ ಮುಂದೆ ಕೂತೆ. ಜಿರಳೆ ಬೇಗ ಸಿಕ್ಕಿತು. ಚೇಳು ಎಷ್ಟೊತ್ತಿಗೆ ಬರುತ್ತದಮ್ಮ ಅಂತ ಕೇಳಿದೆ.

ಮುನಿಯಮ್ಮ ಟೀ ಲೋಟ ಕೈಗಿಟ್ಟರು. "ಬತ್ತೈತೆ ಸಾರ್. ನೀವು ಕಾಲು ಮಾತ್ರ ಮೇಲಿಟ್ಕೊಂಡು ಕೂತ್ಕಳಿ."