ದುರ್ಗದ ನೆತ್ತಿಯ ಮೇಲೆ ದೊಡ್ಡಮ್ಮನ ಚಂದ್ರ

ತುಮಕೂರಿನ ಬಟವಾಡಿಯಿಂದ ಹೊರಟಾಗ ನನ್ನ ಹೆಗಲಲ್ಲಿ ಕ್ಯಾಮೆರಾ ಬ್ಯಾಗು, ಕೈಯಲ್ಲಿ ಅದರ ಸ್ಟ್ಯಾಂಡು. ಸ್ಟುಡಿಯೋ ಬಾಗಿಲಿಗೆ ‘ನಾಡಿದ್ದು ತೆರೆಯುತ್ತದೆ’ ಎಂದು ಚೀಟಿ ಅಂಟಿಸಿ ಬಂದಿದ್ದೆ. ಮದುವೆ, ನಾಮಕರಣ, ಪಾಸ್‌ಪೋರ್ಟ್ ಸೈಜು ಬಿಟ್ಟು ಬೇರೆ ಫೋಟೋಕ್ಕೆಂದು ನಾನು ಊರು ಬಿಟ್ಟದ್ದು ಇದೇ ಮೊದಲು. ತೆಗೆಯಬೇಕಾಗಿದ್ದದ್ದು ಚಂದ್ರನನ್ನು. ತೆಗೆಸುತ್ತಿದ್ದವಳು ಗುಬ್ಬಿಯ ದೊಡ್ಡಮ್ಮ.

ದೊಡ್ಡಮ್ಮ ಅಂದರೆ ನಮ್ಮಮ್ಮನ ಅಕ್ಕ. ಬೇಸಿಗೆ ರಜೆಗಳಲ್ಲಿ ಅವಳ ಮಗ್ಗುಲಲ್ಲಿ ಮಲಗಿ ಮಾತು ಕಲಿತವನು ನಾನು. ಮದುವೆಯಾದ ಹೊಸದರಲ್ಲಿ ಅವಳು ಹುಲಿಯೂರುದುರ್ಗದ ಹತ್ತಿರದ ಹಳ್ಳಿಯಲ್ಲಿದ್ದಳು. ಆಮೇಲೆ ದೊಡ್ಡಪ್ಪ ಗುಬ್ಬಿಯಲ್ಲಿ ಕೊಬ್ಬರಿ ವ್ಯಾಪಾರ ಹಿಡಿದರು. ಅತ್ತ ಹೋಗುವುದು ನಿಂತೇ ಹೋಯಿತು. ಅವಳ ಕಥೆಗಳಲ್ಲಿ ಒಂದು ಮಾತ್ರ ತಪ್ಪದೆ ಬರುತ್ತಿತ್ತು. ಸುಗ್ಗಿಯಲ್ಲಿ ರಾಗಿ ಕಾಯಲು ಮನೆಯವರೆಲ್ಲ ಕಣದಲ್ಲೇ ಮಲಗುತ್ತಿದ್ದರಂತೆ. ಹುಣ್ಣಿಮೆಯ ಮುಂಜಾನೆ ಚಂದ್ರ ದುರ್ಗದ ಬೆಟ್ಟದ ನೆತ್ತಿಯ ಮೇಲೆ ಬಂದು ಕೂರುತ್ತಿದ್ದನಂತೆ, ಥೇಟು ಬೋರಲು ಹಾಕಿದ ಮಡಕೆಯ ಮೇಲೆ ತಟ್ಟೆ ಇಟ್ಟ ಹಾಗೆ. ಅವನು ಕೂತನೆಂದರೆ ಹೊಸ ಸೊಸೆ ಎದ್ದು ಹೋಗಿ ಒಲೆ ಹಚ್ಚಬೇಕು. ಅದೇ ಅವಳ ಗಡಿಯಾರ.

ಈಚೆಗೆ ದೊಡ್ಡಮ್ಮನಿಗೆ ಮರೆವು ಶುರುವಾಗಿದೆ. ಒಂದು ದಿನ ಸಾರಿಗೆ ಎರಡು ಸಲ ಉಪ್ಪು ಬಿತ್ತು. ಇನ್ನೊಂದು ದಿನ ನನ್ನನ್ನೇ ನಮ್ಮ ಮಾವನ ಹೆಸರು ಹಿಡಿದು ಕರೆದಳು. ಅಲ್ಲಿಂದ ಅವಳು ಏನು ಹೇಳಿದರೂ ಮನೆಯಲ್ಲಿ ‘ಮರೆವು ಬುಡು’ ಎನ್ನುವ ಪರಿಪಾಠ ಬೆಳೆಯಿತು. ಮೊನ್ನೆ ಅವರೆಕಾಯಿ ಸುಲಿಯುತ್ತಾ ಚಂದ್ರನ ಮಾತು ತೆಗೆದಾಗ, ಅದೇ ಬೀದಿಯಲ್ಲಿರುವ ಚಿಕ್ಕಮ್ಮ, ಅಂದರೆ ಅವಳ ತಂಗಿ, ಎಲ್ಲರೆದುರಿಗೇ ತಳ್ಳಿಹಾಕಿದಳು.

‘ನೆತ್ತಿ ಮ್ಯಾಲೆ ಎಲ್ಲಕ್ಕಾ ಕೂರ್ತಿದ್ದ? ನಿಮ್ಮೂರಿಗೆ ಬಂದಾಗ ನಾನೂ ಕಂಡಿದೀನಿ. ಬೆಟ್ಟದ ಬಲಕ್ಕೆ ಇಳಿಯೋನು.’

ಅಂದು ರಾತ್ರಿ ದೊಡ್ಡಮ್ಮ ನನಗೆ ಫೋನು ಮಾಡಿದಳು. ‘ಮಗಾ, ಅವ್ನು ಕೂರ್ತಿದ್ದುದ್ದು ನಿಜಾನಾ, ಇಲ್ಲ ನಾನೇ ಕಟ್ಕೊಂಡಿದ್ದಾ ಅಂತ ನಂಗೇ ಅನುಮಾನ ಬಂದ್ಬುಟ್ಟೈತೆ ಕಣ್ಲಾ. ಅದೇ ಸುಳ್ಳಾದ್ರೆ ಮಿಕ್ಕಿದ್ದು ಯಾವುದನ್ನ ನಂಬ್ಲಿ?’

ಆ ಮಾತು ಕೇಳಿ ಸುಮ್ಮನೆ ಕೂರಲು ನನ್ನಿಂದಾಗಲಿಲ್ಲ. ಕ್ಯಾಲೆಂಡರಿನಲ್ಲಿ ಹುಣ್ಣಿಮೆ ನೋಡಿದೆ.

ತುಮಕೂರಿನಿಂದ ಗುಬ್ಬಿ ಇಪ್ಪತ್ತು ಕಿಲೋಮೀಟರು. ಬಸ್ಸು ಇಳಿದು ಮನೆ ತಲುಪಿದರೆ ಜಗಲಿಯ ಮೇಲೆ ದೊಡ್ಡಮ್ಮನ ಪಕ್ಕದಲ್ಲಿ ಚಿಕ್ಕಮ್ಮನೂ ಸ್ವೆಟರು ತೊಟ್ಟು, ಚೀಲ ಹಿಡಿದು ಸಿದ್ಧಳಾಗಿದ್ದಳು.

‘ನೀನ್ಯಾಕೆ ಚಿಕ್ಕಮ್ಮಾ?’ ಎಂದೆ.

‘ಬಸ್ಸು ಫ್ರೀ ಕಣೋ. ಬಲಕ್ಕೆ ಇಳಿಯೋದ್ನ ಇವ್ಳಿಗೆ ತೋರ್ಸೋರು ಯಾರಾದ್ರೂ ಬೇಕಲ್ಲ.’

ತಟ್ಟೆ ಇಡ್ಲಿ ತಿಂದು ತುಮಕೂರಿಗೆ ವಾಪಸು ಬಂದು, ಅಲ್ಲಿಂದ ಹೆಬ್ಬೂರಿನ ಮೇಲೆ ಕುಣಿಗಲ್ ಬಸ್ಸು ಹಿಡಿದೆವು. ಅಕ್ಕತಂಗಿಯರು ಆಧಾರ್ ಕಾರ್ಡು ತೋರಿಸಿ ಸೊನ್ನೆ ಟಿಕೆಟ್ ಪಡೆದರು. ದುಡ್ಡು ಕೊಟ್ಟವನು ನಾನೊಬ್ಬ. ದಾರಿಯಲ್ಲಿ ರಾಗಿ ಕೊಯ್ದ ಹೊಲಗಳು ಬರಿದಾಗಿದ್ದವು. ಕುಣಿಗಲ್ ಕೆರೆ ತುಂಬಿತ್ತು. ಏರಿಯ ಮೇಲಿನ ಗಾಳಿಗೆ ದೊಡ್ಡಮ್ಮ ಸೆರಗು ಹೊದ್ದಳು. ಮತ್ತೊಂದು ಬಸ್ಸಿನಲ್ಲಿ ಹುಲಿಯೂರುದುರ್ಗ ತಲುಪುವಾಗ ಬಿಸಿಲು ಇಳಿದಿತ್ತು. ಬಸ್ಸಿನಿಂದಲೇ ಬೋಳು ಬಂಡೆಯ ಬೆಟ್ಟ ಕಂಡಿತು. ಮಡಕೆ ಬೋರಲು ಹಾಕಿದ ಹಾಗೆ, ಸುಳ್ಳಿಲ್ಲ.

ಅಲ್ಲಿಂದ ಆಟೋ. ಬೆಟ್ಟದಿಂದ ಮೂಡಣ ದಿಕ್ಕಿಗಿರುವ ಹಳ್ಳಿಯಲ್ಲಿ ದೊಡ್ಡಮ್ಮನ ಮೈದುನನ ಸೊಸೆ ಜಯಮ್ಮ ಕಾದಿದ್ದಳು. ‘ಏನ್ ದೊಡ್ಡತ್ತೆ, ಚಂದ್ರ ಕರುದ್ಮೇಲೆ ಬರೋದಾ? ನಾವ್ ಕರುದ್ರೆ ಬರಲ್ವಾ?’ ಎಂದು ಚುಚ್ಚುತ್ತಲೇ ಮುದ್ದೆ, ಅವರೆಕಾಳು ಸಾರು ಬಡಿಸಿದಳು. ಆ ರುಚಿ ಈಗಲೂ ನಾಲಿಗೆಯ ಮೇಲಿದೆ. ದೊಡ್ಡಮ್ಮ ಮಾತ್ರ ಕಣ ಎಲ್ಲಿತ್ತೆಂದು ಬಾಗಿಲಲ್ಲಿ ನಿಂತು ನೋಡಿಯೇ ನೋಡಿದಳು. ಹೊಸ ಮನೆಗಳು, ನಡುವೆ ತೆಂಗಿನ ತೋಟ, ಗುರುತು ಹತ್ತಲಿಲ್ಲ. ಜಯಮ್ಮ ಈ ಮನೆಗೆ ಬರುವಷ್ಟರಲ್ಲಿ ಕಣ ಮಾಡುವುದೇ ನಿಂತಿತ್ತು. ಈಗ ರಾಗಿ, ಹುರುಳಿ ಎಲ್ಲವನ್ನೂ ಡಾಂಬರು ರಸ್ತೆಗೆ ಹರವುತ್ತಾರೆ. ಬಸ್ಸು, ಹಾಲಿನ ಗಾಡಿಗಳ ಚಕ್ರ ಹರಿದು ತಾನೇ ಒಕ್ಕಣೆಯಾಗುತ್ತದೆ.

‘ನಮ್ದೂ ಹುರುಳಿ ರೋಡಲ್ಲೈತೆ. ಅಲ್ಲಿಂದ ಬೆಟ್ಟ ಚೆನ್ನಾಗಿ ಕಾಣ್ತದೆ,’ ಎಂದಳು. ಒಕ್ಕಣೆ ಇರುವಲ್ಲೇ ಕಣವೂ ಇದ್ದಿರಬೇಕೆಂದು ನಾವೆಲ್ಲ ಒಪ್ಪಿಕೊಂಡೆವು. ನಾವು ಎಡವಿದ್ದು ಅಲ್ಲೇ.

ಕೋಳಿ ಕೂಗುವ ಹೊತ್ತಿಗೆ ಎದ್ದೆವು. ಚಳಿ ಮೂಳೆಗೆ ಇಳಿಯುತ್ತಿತ್ತು. ರಸ್ತೆಯ ತುಂಬ ಹುರುಳಿಸೊಪ್ಪು, ಅದರ ಮೇಲೆಲ್ಲ ಇಬ್ಬನಿ. ಅಂಚಿನಲ್ಲಿ ಸ್ಟ್ಯಾಂಡು ನಿಲ್ಲಿಸಿ ಉದ್ದನೆಯ ಲೆನ್ಸ್ ಹಾಕಿದೆ. ಕತ್ತಲಲ್ಲಿ ಚಂದ್ರನನ್ನು ಹಿಡಿದರೆ ಬೆಟ್ಟ ಇದ್ದಿಲ ಗುಡ್ಡೆ. ಬೆಟ್ಟವನ್ನು ಹಿಡಿದರೆ ಚಂದ್ರ ಬರೀ ಟ್ಯೂಬ್‌ಲೈಟು. ಎರಡೂ ಒಂದೇ ಫೋಟೋದಲ್ಲಿ ಹದವಾಗಿ ಬರುವುದು ಬೆಳಕು ಹರಿಯುವ ಸ್ವಲ್ಪ ಹೊತ್ತು ಮಾತ್ರ. ಅದಕ್ಕಾಗಿ ಕಾದೆ.

ಬೆನ್ನ ಹಿಂದೆ ಮೂಡಣ ಬಿಳುಪೇರಿತು. ಚಂದ್ರ ಇಳಿಯುತ್ತಾ ಬಂದ, ತುಂಬಿಕೊಂಡು, ತುಪ್ಪದ ಬಣ್ಣಕ್ಕೆ ತಿರುಗಿ. ಆದರೆ ಬೆಟ್ಟದ ಮೇಲಲ್ಲ, ಬಲಕ್ಕೆ. ಇನ್ನಷ್ಟು ಇಳಿದರೆ ತೆಂಗಿನ ಗರಿಗಳ ಹಿಂದೆ ಮರೆಯಾಗುವಂತಿದ್ದ. ದೊಡ್ಡಮ್ಮ ಕೈಗಳನ್ನು ಕಂಕುಳಲ್ಲಿ ಅದುಮಿಕೊಂಡು ನಿಂತಿದ್ದಳು. ನಾನು ಚಿಕ್ಕಮ್ಮನ ಕಡೆ ತಿರುಗಿದೆ, ಈಗ ಶುರುಮಾಡುತ್ತಾಳೆ ಎಂದುಕೊಂಡು.

‘ಬುಡಕ್ಕಾ,’ ಎಂದಳು ಚಿಕ್ಕಮ್ಮ ಮೆಲ್ಲಗೆ. ‘ಒಂದೊಂದು ಹುಣ್ಣಿಮೆಗೆ ಒಂದೊಂದು ತರ ಇರ್ತದೆ. ಚಳಿ, ಒಳಗ್ ನಡಿ.’

‘ಇಲ್ಲ ಕಣೇ ಪುಟ್ಟಿ. ನೀನ್ ಹೇಳಿದ್ದೇ ಸರಿ,’ ಎಂದಳು ದೊಡ್ಡಮ್ಮ. ‘ನನ್ ತಲೆ ಕೆಟ್ಟೈತೆ.’

ಗೆದ್ದವಳ ಮುಖ ಚಿಕ್ಕಮ್ಮನದಾಗಿರಲಿಲ್ಲ.

ಆಗ ಜಯಮ್ಮ ಹುರುಳಿ ತಿರುವುತ್ತಿದ್ದ ಕೋಲು ಕೆಳಗಿಟ್ಟು, ‘ನೀವ್ ಒಳಗ್ ನಡೀರಿ. ಆ ಕಲ್ಲಿಗೆ ಹಸು ಕಟ್ಟಿದೀನಿ, ಹಾಲು ಕರ್ಕೊಂಡ್ ಬತ್ತೀನಿ,’ ಎಂದು ಎಡಗಡೆಯ ಬದುವಿನತ್ತ ಹೊರಟಳು.

‘ಯಾವ ಕಲ್ಲೇ?’ ಎಂದಳು ದೊಡ್ಡಮ್ಮ.

‘ಅದೇ ದೊಡ್ಡತ್ತೆ, ಉರುಳೆ ತರ ಒಂದ್ ಬಿದ್ದೈತಲ್ಲ ನಮ್ ಹೊಲದಲ್ಲಿ. ಎತ್ತಕ್ಕಾಗಲ್ಲ ಅಂತ ಬುಟ್ಟವ್ರೆ.’

‘ರೋಣಗಲ್ಲು!’ ದೊಡ್ಡಮ್ಮನ ದನಿ ಏರಿತು. ರಾಗಿ ಒಕ್ಕಲು ಎತ್ತುಗಳು ಎಳೆಯುತ್ತಿದ್ದ ಕಲ್ಲದು. ಕಣ ಹೋದರೂ ಅದು ಬಿದ್ದಲ್ಲೇ ಬಿದ್ದಿತ್ತು. ‘ಅದು ಕಣದ್ದು ಕಣೇ! ಕಣ ಅಲ್ಲೇ ಇದ್ದುದ್ದು!’

ನಾನು ಸ್ಟ್ಯಾಂಡು ಕಿತ್ತು ಹೆಗಲಿಗೇರಿಸಿದೆ. ದೊಡ್ಡಮ್ಮ ಬದುವಿಗೆ ಇಳಿದೇಬಿಟ್ಟಳು. ‘ಬೀಳ್ತೀಯ ಕಣಕ್ಕಾ, ಕೈ ಕೊಡು ಇಲ್ಲಿ! ಬೇಗ ನಡಿ, ಅವ್ನೇನ್ ನಿನಗಾಗಿ ಕಾಯ್ತಾನಾ!’ ಎಂದು ಬೈಯುತ್ತಾ ಚಿಕ್ಕಮ್ಮ ಅವಳ ರಟ್ಟೆ ಹಿಡಿದು ನಡೆಸಿದಳು. ಇಬ್ಬರ ಸೀರೆಯಂಚುಗಳೂ ಇಬ್ಬನಿಯಲ್ಲಿ ತೊಯ್ದವು. ನಡೆಯುತ್ತಾ ತಲೆಯೆತ್ತಿದರೆ, ನಾವು ಎಡಕ್ಕೆ ಹೋದಷ್ಟೂ ಬೆಟ್ಟ ಬಲಕ್ಕೆ, ಚಂದ್ರನ ಕಡೆಗೆ ಸರಿಯುತ್ತಿತ್ತು. ಮೊದಲು ಬೆಟ್ಟದ ಭುಜ, ಆಮೇಲೆ ಕತ್ತು.

ರೋಣಗಲ್ಲಿನ ಹತ್ತಿರ ಹಸು ನಮ್ಮನ್ನು ಕಂಡು ಬೆದರಿ ಎದ್ದು ನಿಂತಿತು. ದೊಡ್ಡಮ್ಮ ಏದುಸಿರು ಬಿಡುತ್ತಾ ಕಲ್ಲಿನ ಮೇಲೆ ಅಂಗೈ ಊರಿ ಪಡುವಣಕ್ಕೆ ತಿರುಗಿದಳು.

ಚಂದ್ರ ದುರ್ಗದ ನೆತ್ತಿಯ ಮೇಲೆ ಕೂತಿದ್ದ.

ಬಂಡೆ ಎಳೆಬೆಳಕಿಗೆ ತಿಳಿಗೆಂಪಾಗಿತ್ತು. ಹೊಲಗಳ ಮೇಲೆ ಮಂಜು ಹಾಲಿನ ಕೆನೆಯಂತೆ ಹಾಸಿತ್ತು. ಚಂದ್ರನ ಮೈಮೇಲಿನ ಕಲೆ, ಬಂಡೆಯ ಬಿರುಕು, ಎರಡೂ ಲೆನ್ಸಿನಲ್ಲಿ ಒಟ್ಟಿಗೆ ಕಂಡವು. ಸ್ಟ್ಯಾಂಡು ಗಟ್ಟಿಯಾಗಿ ಊರಿ ಗುಂಡಿ ಒತ್ತಿದೆ, ಮತ್ತೆ ಒತ್ತಿದೆ.

ತಂಗಿಗೆ ದೊಡ್ಡಮ್ಮ ಒಂದು ಕೊಂಕು ಮಾತಾದರೂ ಆಡುತ್ತಾಳೆಂದು ಕಾದೆ. ಅವಳು ಕಣ್ಣೊರೆಸಿಕೊಂಡು, ‘ನಡೀರೇ, ಒಲೆ ಹಚ್ಬೇಕು,’ ಎಂದಳು ಅಷ್ಟೇ. ಅಂದು ಬೆಳಗಿನ ಕಾಫಿಯನ್ನು ಜಯಮ್ಮನ ಗ್ಯಾಸ್ ಒಲೆ ಹಚ್ಚಿ ಅವಳೇ ಕಾಯಿಸಿದಳು. ಸಕ್ಕರೆ ಎರಡು ಸಲ ಬಿದ್ದಿತ್ತು. ಎಲ್ಲರೂ ಲೋಟ ಖಾಲಿ ಮಾಡಿದೆವು.

ಬಿಸಿಲೇರಿದ ಮೇಲೆ ಹುಲಿಯೂರುದುರ್ಗದಲ್ಲಿ ಕುಣಿಗಲ್ ಬಸ್ಸು ಹತ್ತಿದೆವು. ಜಯಮ್ಮ ಕಟ್ಟಿಕೊಟ್ಟ ಅವರೆಕಾಯಿ ಚೀಲ ಕಾಲ ಬಳಿ ಇತ್ತು. ಚಿಕ್ಕಮ್ಮ ಕ್ಯಾಮೆರಾ ಪರದೆಯನ್ನು ಮುಂದಿನ ಸೀಟಿನ ಹೆಂಗಸಿಗೆ ತೋರಿಸುತ್ತಿದ್ದಳು. ‘ನಮ್ಮಕ್ಕ ಹೇಳಿದ್ಲು ಕಣವ್ವ, ನೆತ್ತಿ ಮ್ಯಾಲೇ ಕೂರ್ತಾನೆ ಅಂತ. ನಾನು ಆವಾಗ್ಲೇ ಅಂದೆ, ಅಕ್ಕ ಹೇಳುದ್ರೆ ಮುಗೀತು ಅಂತ.’ ದೊಡ್ಡಮ್ಮ ಕಿಟಕಿಯತ್ತ ಮುಖ ಮಾಡಿ ನಕ್ಕಳು.

ಕಂಡಕ್ಟರು ಬಂದು ಕಾರ್ಡು ಕೇಳಿದರು. ದೊಡ್ಡಮ್ಮ ಚೀಲ ತಡಕಿದಳು, ಸೊಂಟ ಮುಟ್ಟಿ ನೋಡಿಕೊಂಡಳು, ಮತ್ತೆ ಚೀಲ ತಡಕಿದಳು. ಅವಳ ಮುಖದ ನಗು ಇಂಗುತ್ತಾ ಹೋಯಿತು. ಅಷ್ಟರಲ್ಲಿ ನನ್ನ ಫೋನು ಬಡಿದುಕೊಂಡಿತು. ಆ ಕಡೆ ಜಯಮ್ಮ: ‘ಅಣ್ಣಾ, ದೊಡ್ಡತ್ತೆ ಆಧಾರ್ ಕಾರ್ಡು ಅವ್ರ ದಿಂಬಿನ ಕೆಳಗೇ ಐತೆ!’

ನಾನು ಬಾಯಿ ತೆರೆಯುವ ಮೊದಲೇ ಚಿಕ್ಕಮ್ಮ ಹಣೆ ಚಚ್ಚಿಕೊಂಡಳು. ‘ಅಯ್ಯೋ, ಅಕ್ಕ ರಾತ್ರಿನೇ ನನ್ ಕೈಲಿ ಕೊಟ್ಟಿದ್ಲು. ನಾನೇ ಎಲ್ಲೋ ಇಟ್ಟು ಮರ್ತು ಬಂದ್ಬುಟ್ಟೆ. ಒಂದ್ ಟಿಕೆಟ್ ಹರೀರಿ ಸಾರ್.’

‘ಏನ್ಲೇ ಪುಟ್ಟಿ, ಈ ವಯಸ್ಸಿಗೇ ಮರೆವಾ?’ ಎಂದಳು ದೊಡ್ಡಮ್ಮ, ಮುಖ ಅರಳಿಸಿ.

‘ಹೂ ಕಣಕ್ಕಾ.’

ನಾನು ಫೋನು ಜೇಬಿಗಿಟ್ಟೆ. ಬಸ್ಸು ತಿರುವು ತೆಗೆದುಕೊಂಡಾಗ ಹಿಂದಿನ ಗಾಜಿನಲ್ಲಿ ದುರ್ಗದ ಬೆಟ್ಟ ಇನ್ನೊಮ್ಮೆ ಕಂಡಿತು, ಬಿಸಿಲಿನಲ್ಲಿ, ಬರೀ ನೆತ್ತಿಯಲ್ಲಿ. ಮನಸ್ಸಿನಲ್ಲೇ ಕೈಮುಗಿದೆ.