ಹುಳ ಎದ್ದ ದಿನ ಅಕ್ಕನ ಪರೀಕ್ಷೆ

ನಾನು ಚಿಕ್ಕವಳಿದ್ದಾಗ ಕನಕಪುರದ ಕಡೆಯ ನಮ್ಮೂರಲ್ಲಿ ರೇಷ್ಮೆಹುಳುವಿಗೂ ಜ್ವರ ಬರುತ್ತಿತ್ತು. ಮೇವು ಬಿಟ್ಟು, ತಲೆಯೆತ್ತಿ ಮಲಗಿ, ಪೊರೆ ಕಳಚಿ ಏಳುವುದನ್ನೇ ನಾವು ಜ್ವರ ಎನ್ನುತ್ತಿದ್ದೆವು. ಕೊನೆಯ ಜ್ವರ ಎದ್ದ ಹುಳುವಿನ ಹಸಿವು ನೀವು ನೋಡಬೇಕಿತ್ತು, ಮಕ್ಕಳೇ. ಸೊಪ್ಪು ಹಾಕಿದರೆ ಮನೆಯೊಳಗೇ ಮಳೆ ಸುರಿದಂತೆ ಸದ್ದು. ಆಗ ಹುಳದ ಕೋಣೆಗೆ ಹೊರಗಿನವರು ಹೋಗುವಂತಿಲ್ಲ, ಒಳಗಿದ್ದವರು ಬೀದಿಗೆ ಬರುವಂತಿಲ್ಲ. ಸೋಂಕು ತಗುಲಿದರೆ ಬೆಳೆಯೇ ಹೋಯಿತು.

ಆ ವರ್ಷ ಮೈಸೂರಿನಿಂದ ಒಬ್ಬರು ಮೇಡಂ ನಮ್ಮ ಶಾಲೆಗೆ ಬರುತ್ತಿದ್ದರು. ಹಳ್ಳಿಯ ಮಕ್ಕಳು ಓದಲು ಹೇಗೆ ಕಲಿಯುತ್ತಾರೆ ಎಂಬುದೇ ಅವರ ಸಂಶೋಧನೆ. ಅವರು ಅ ಆ ತಿದ್ದಿಸುತ್ತಿರಲಿಲ್ಲ. ನಾವು ಆಡಿದ ಮಾತನ್ನೇ ರಟ್ಟಿನ ಮೇಲೆ ಬರೆದು ನಮ್ಮಿಂದಲೇ ಓದಿಸುತ್ತಿದ್ದರು. ವರ್ಷಗಟ್ಟಲೆ ಒಂದಕ್ಷರ ತಲೆಗೆ ಹತ್ತದ ಅಕ್ಕ, ‘ನಮ್ಮ ಹುಳ ಸೊಪ್ಪು ತಿಂತವೆ’ ಎಂಬ ತನ್ನ ಮಾತನ್ನು ತಾನೇ ಓದಿ ನಕ್ಕುಬಿಟ್ಟಳು. ಪರೀಕ್ಷೆಗೆ ಬಂದು ಓದಿದರೆ ಮುಂದಿನ ತರಗತಿ, ಇಲ್ಲವಾದರೆ ಹೆಸರು ತೆಗೆಯುತ್ತೇನೆ ಎಂದಿದ್ದರು ಹೆಡ್‌ಮಾಸ್ಟರು.

ಪರೀಕ್ಷೆಯ ಬೆಳಿಗ್ಗೆಯೇ ಹುಳ ಕೊನೆಯ ಜ್ವರ ಎದ್ದವು. ಅವ್ವ ಬಾಣಂತನಕ್ಕೆ ತವರಿಗೆ ಹೋಗಿದ್ದಳು. ಅಪ್ಪ ಸೊಪ್ಪು ಕೊಯ್ದು ತಂದು ಬಾಗಿಲಲ್ಲಿಡಬೇಕು, ಅಕ್ಕ ಒಳಗೆ ಹಾಕಬೇಕು. ನಾನು ಓಡಿಹೋಗಿ ಮೇಡಂ ಅವರನ್ನು ಕರೆತಂದೆ.

“ಒಂದು ಗಳಿಗೆ ಕಳಿಸಿಕೊಡಿ, ನಾನೇ ವಾಪಸ್ ಕರ್ಕೊಂಡು ಬರ್ತೀನಿ” ಎಂದರು ಮೇಡಂ.

“ಓದು ಬ್ಯಾಡ ಅನ್ನೋನಲ್ಲ ನಾನು, ಮೇಡಂನೋರೆ. ಈಚೆ ಬಂದ ಮಗೀನ ಮತ್ತೆ ಒಳಕ್ಕೆ ಬುಡಂಗಿಲ್ಲ. ಆಮೇಲೆ ಸೊಪ್ಪು ಆಕೋರ್ಯಾರು, ನೀವಾ?” ಅಪ್ಪ ನಕ್ಕ. ನಗುವಾಗಲೂ ಅವನ ಕಣ್ಣು ಸೊಪ್ಪಿನ ಮಂಕರಿಯ ಮೇಲಿತ್ತು.

“ನಾನಾಕ್ತೀನಿ ಕಣಪ್ಪ” ಎಂದೆ.

“ನೀನೂ ಈಗ ಒರಗ್ನೋಳೆ ಕಣವ್ವ. ಬೀದಿ ತಿರುಗಿ ಬಂದಿದ್ದೀಯ.”

ಅಕ್ಕ ಕಿಟಕಿಯ ಸರಳು ಹಿಡಿದು, ಹುಳುವಿನ ಸದ್ದಿನ ಮೇಲೆ ದನಿಯೇರಿಸಿ, ಮೇಡಂ ತೋರಿಸಿದ ರಟ್ಟನ್ನೆಲ್ಲ ತಪ್ಪಿಲ್ಲದೆ ಓದಿದಳು. ಮೇಡಂ ಹೋಗಿ ಹಾಗೆಂದು ಹೇಳಿದರೂ ಹೆಡ್‌ಮಾಸ್ಟರು ಒಪ್ಪಲಿಲ್ಲ. ಹುಡುಗಿ ಬಾರದೆ ಪರೀಕ್ಷೆ ಎಲ್ಲಿಯದು ಎಂದರಂತೆ. ಮೇಡಂ ತಿರುಗಿ ಬಂದು ಅದನ್ನು ಕಿಟಕಿಯಲ್ಲೇ ಅಕ್ಕನಿಗೆ ಹೇಳಿದರು. ಆ ಹುಳ ಕಟ್ಟಿದ ಗೂಡು ರಾಮನಗರದ ಮಾರುಕಟ್ಟೆಗೆ ಹೋಗುವಷ್ಟರಲ್ಲಿ ಅಕ್ಕನ ಹೆಸರು ಶಾಲೆಯಿಂದ ಹೋಗಿತ್ತು.

ಮೇಡಂ ಮುಂದೆ ದೊಡ್ಡ ಹೆಸರು ಮಾಡಿದರು. ಅವರ ಬಳಿ ಕಲಿತ ಮೇಷ್ಟ್ರುಗಳು ಎಷ್ಟೋ ಊರುಗಳಲ್ಲಿ ಪಾಠ ಮಾಡಿದರು. ಮೇಡಂ ಅವರಿಂದಲೇ ಓದು ಕಲಿತ ನಾನು ನಮ್ಮ ಮನೆಯ ಮೊದಲ ಪದವೀಧರೆ. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ನಿಮ್ಮ ತರಗತಿಯ ಗೋಡೆಯ ಮೇಲೆ ನಿಮ್ಮದೇ ಮಾತುಗಳನ್ನು ಬರೆದು ತೂಗುಹಾಕುತ್ತಾರಲ್ಲ, ಅದು ಅಂಥವರು ಹಾಕಿಕೊಟ್ಟ ದಾರಿ. ನಿಮಗೆ ಪರೀಕ್ಷೆ ತಪ್ಪಿಹೋದರೆ ಶಾಲೆಯವರೇ ಇನ್ನೊಂದು ದಿನ ಕೊಡುತ್ತಾರೆ. ಅಕ್ಕ, ನಿಮ್ಮ ದೊಡ್ಡಜ್ಜಿ, ಓದುವುದನ್ನು ಮರೆತೇಬಿಟ್ಟಳು. ತಾನಿರುವ ಕಬ್ಬಾಳಿನಿಂದ ನಮ್ಮನ್ನು ನೋಡಲು ಬರುವಾಗ ಇವತ್ತಿಗೂ, ಈ ಬಸ್ಸು ಎಲ್ಲಿಗೆ ಹೋಗುತ್ತದೆ ಎಂದು ಪಕ್ಕದವರನ್ನು ಕೇಳಿಯೇ ಹತ್ತುತ್ತಾಳೆ.