ಮೊದಲು ಮೈ, ಆಮೇಲೆ ತಟ್ಟೆ

ಬೀದಿಯವರೆಲ್ಲ ಆಕೆಯನ್ನು ಯೂನಿಫಾರ್ಮ್ ಅಕ್ಕ ಎನ್ನುತ್ತಿದ್ದರು. ಶಾಲೆ ಮಕ್ಕಳ ಅಂಗಿ, ಲಂಗ, ಚಡ್ಡಿ ಹೊಲಿಯುತ್ತ ಹೊಲಿಯುತ್ತ ಬೆನ್ನು ಬಾಗಿತ್ತು. ಸಿಟ್ಟು ಮಾತ್ರ ಬಾಗಿರಲಿಲ್ಲ. ಆ ಸಿಟ್ಟೆಲ್ಲ ಒಬ್ಬರ ಮೇಲೆಯೇ: ಆಕೆಯ ಗಂಡ, ಅದೇ ಶಾಲೆಯ ಡ್ರಿಲ್ ಮೇಷ್ಟ್ರು.

ಮೇಷ್ಟ್ರ ಮನೆಗೆ ಒಂದೇ ಕಾನೂನು. ಮೊದಲು ಮೈ, ಆಮೇಲೆ ತಟ್ಟೆ. ಬೆಳಿಗ್ಗೆ ಅವರ ಬಸ್ಕಿ ಮುಗಿದು, ಬೆವರಾರಿ, ಸ್ನಾನವಾಗಿ, ಅವರು ಬಂದು ಕೂರುವ ತನಕ ಯಾರೂ ಬಾಯಿಗೆ ಏನೂ ಹಾಕುವಂತಿಲ್ಲ. ಮಧ್ಯಾಹ್ನವೂ ಅದೇ ಕಥೆ. ಆಟದ ಪಿರಿಯಡ್ ಮುಗಿಸಿ ಮನೆಗೆ ಬಂದವರು ನೇರ ಊಟಕ್ಕೆ ಕೂರುವವರ ಪೈಕಿಯಲ್ಲ. ಕೈಕಾಲು ಸಡಿಲಿಸಬೇಕು, ಬೆನ್ನು ಬಗ್ಗಿಸಬೇಕು. ಅಷ್ಟರಲ್ಲಿ ಬಡಿಸಿಟ್ಟ ಅನ್ನ ಕಲ್ಲಾಗಿರುತ್ತಿತ್ತು. ಶಾಲೆಯಲ್ಲೇ ಬನ್ನು, ಬಾಳೆಹಣ್ಣು ಜಡಿದುಕೊಂಡು ಬಂದಿರುತ್ತಿದ್ದರು ಎನ್ನುವುದು ಬೇರೆ ಮಾತು. ಕಾನೂನು ಮಾಡಿದವರಿಗೆ ಕಾನೂನು ತಾಗುವುದುಂಟೆ?

ಮಗಳು ಹೊಟ್ಟೆಯಲ್ಲಿದ್ದಾಗ ಒಂದು ಮಧ್ಯಾಹ್ನ ಆಕೆಗೆ ಕಣ್ಣು ಕತ್ತಲಿಟ್ಟಿತು. ಒಲೆಯ ಪಕ್ಕದಲ್ಲೇ ನಿಂತು ನಾಲ್ಕು ತುತ್ತು ನುಂಗಿದಳು. ಬಾಗಿಲಲ್ಲಿ ನಿಂತಿದ್ದ ಮೇಷ್ಟ್ರು ನೋಡಿದರು. ಬೈಯಲಿಲ್ಲ, ಬೈದಿದ್ದರೇ ವಾಸಿಯಿತ್ತು. ತಟ್ಟೆ ಮುಟ್ಟದೆ ಬೀದಿಗಿಳಿದು, ಎದುರು ಮನೆಯ ಮೆಟ್ಟಿಲ ಮೇಲಿದ್ದವರಿಗೆಲ್ಲ ಕೇಳುವಂತೆ ಹೇಳಿದರು: "ನಮ್ಮನೇಲಿ ಊಟ ಆಗೋಯ್ತು. ಎಂಜಲು ಉಳಿದಿದ್ರೆ ನನಗೂ ಸಿಗತ್ತೆ."

ಬೀದಿ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಬಟ್ಟೆ ಅಳತೆಗೆ ಬಂದವರೂ "ಊಟ ಆಯ್ತೇನಕ್ಕಾ?" ಎಂದು ಕೇಳಿ ಬಾಯಿ ಮುಚ್ಚಿಕೊಂಡು ನಗುವರು. ಆಕೆ ಅವುಡುಗಚ್ಚಿದಳು. ಮತ್ತೆಂದೂ ಮುಂಚೆ ಉಣ್ಣಲಿಲ್ಲ, ಆದರೆ ಮರೆಯಲೂ ಇಲ್ಲ. ಆಕೆಗೆ ಬೇಕಾದದ್ದು ಸೀರೆಯಲ್ಲ, ಒಡವೆಯಲ್ಲ. ಆ ಹಸಿವು ಏನೆಂದು ಈ ಮನುಷ್ಯನಿಗೆ ಒಂದೇ ಒಂದು ಸಲ ಗೊತ್ತಾಗಬೇಕು, ಅಷ್ಟೆ.

ಮೇಷ್ಟ್ರು ರಿಟೈರಾದರು, ಮಗಳು ಮದುವೆಯಾಗಿ ಹೋದಳು, ಮೇಷ್ಟ್ರ ಮೈಗೆ ಸಕ್ಕರೆ ಕಾಯಿಲೆ ಬಂತು. ಡಾಕ್ಟರಮ್ಮ ಖಡಾಖಂಡಿತವಾಗಿ ಹೇಳಿದರು: "ಮಾತ್ರೆ ನುಂಗಿದ ಮೇಲೆ ತಡ ಮಾಡದೆ ಊಟ ಮಾಡ್ಬೇಕು. ಖಾಲಿ ಹೊಟ್ಟೇಲಿ ಕಸರತ್ತು ಬೇಡ್ವೇ ಬೇಡ. ಉಂಡಾದ್ಮೇಲೆ ಸ್ವಲ್ಪ ನಡೀಲಿ. ಅಮ್ಮಾ, ಟೈಮೆಲ್ಲ ನಿಮ್ಮ ಕೈಲಿ."

ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯರು ಹೇಳಿದ್ದೂ ಹಾಲು ಅನ್ನ ಎನ್ನುತ್ತಾರಲ್ಲ. ಇಲ್ಲಿ ಬಯಸಿದ್ದವಳು ರೋಗಿಯ ಹೆಂಡತಿ. ಅಂದಿನಿಂದ ಮೊದಲು ತಟ್ಟೆ, ಆಮೇಲೆ ಮೈ. ಊಟವಾದೊಡನೆ ಮೇಷ್ಟ್ರನ್ನು ಬೀದಿಗಟ್ಟಿ, ತಾನು ಬಾಗಿಲಲ್ಲಿ ಅಂಗಿಗೆ ಗುಂಡಿ ಹಾಕುತ್ತ ಕೂತು, ನಾಲ್ಕು ಮನೆಗೆ ಕೇಳುವಂತೆ ಕೂಗುವಳು: "ಕೈ ಬೀಸ್ರೀ! ಕಾಲೆಳೀಬೇಡಿ!" ಮೇಷ್ಟ್ರ ಕೈಯಲ್ಲಿ ಬೆತ್ತದ ರುಚಿ ನೋಡಿ ಬೆಳೆದ ಗಂಡಸರು ಅಂಗಡಿ ಬಾಗಿಲಿಗೆ ಬಂದು ನಿಂತು ಹಲ್ಲು ಕಿರಿಯುವರು. ಆಕೆಗೆ ಸ್ವರ್ಗಕ್ಕೆ ಮೂರೇ ಗೇಣು.

ಎಷ್ಟು ದಿನ ತಡೆದಾರು ಮೇಷ್ಟ್ರು? ಒಂದು ಬೆಳಿಗ್ಗೆ ಮಾತ್ರೆ ನುಂಗಿ, ಇಟ್ಟ ತಟ್ಟೆಯನ್ನು ಪಕ್ಕಕ್ಕೆ ತಳ್ಳಿ, "ನನ್ನ ಮೈ ನನಗೆ ಗೊತ್ತು ಕಣೇ" ಎಂದು ಹಿತ್ತಲಿಗೆ ಹೋಗಿ ಬಸ್ಕಿ ಶುರುಮಾಡಿದರು.

ಕರೆಯಬಹುದಿತ್ತು. ಕರೆಯಲಿಲ್ಲ. ತನಗೊಂದು ತಟ್ಟೆ ಬಡಿಸಿಕೊಂಡು ಊಟಕ್ಕೆ ಕೂತಳು.

ಬಹಳ ಹೊತ್ತಿನ ಮೇಲೆ ಮೇಷ್ಟ್ರು ಗೋಡೆ ಹಿಡಿದುಕೊಂಡು ಒಳಗೆ ಬಂದರು. ಮುಖ ಬಿಳಿಚಿತ್ತು, ಬೆವರು ಧಾರಾಕಾರ. ಕುರ್ಚಿಗೆ ಕುಸಿದು, "ಬಡಿಸೇ" ಎಂದರು. ಮೈದಾನದ ಆ ಕಡೆಗೂ ಕೇಳುತ್ತಿದ್ದ ಗಂಟಲಲ್ಲಿ ಈಗ ಉಸಿರೇ ಇರಲಿಲ್ಲ.

"ನಂದಿನ್ನೂ ಮುಗಿದಿಲ್ಲ, ಕೂತಿರಿ" ಎಂದು ಆಕೆ ಇನ್ನೊಂದು ತುತ್ತು ಬಾಯಿಗಿಟ್ಟಳು. ಅಗಿದಳು. ಅಷ್ಟು ರುಚಿಯಾದ ತುತ್ತು ಆಕೆ ಜನ್ಮದಲ್ಲಿ ಉಂಡಿರಲಿಲ್ಲ.

ನೀರಿನ ಲೋಟ ಮೇಷ್ಟ್ರ ಕೈ ಜಾರಿ ಬಿತ್ತು. ಕಣ್ಣು ಮೇಲಕ್ಕೆ ಹೋಗತೊಡಗಿತು. ಆಗ ಎದ್ದಳು. ಸಕ್ಕರೆ ನೀರು ಕಲಸಿ, ಗಲ್ಲ ಹಿಡಿದೆತ್ತಿ, ಗುಟುಕು ಗುಟುಕಾಗಿ ಕುಡಿಸಿದಳು. ನಡುಕ ನಿಂತ ಮೇಲೆ ಮೇಷ್ಟ್ರು ಆಕೆಯನ್ನೇ ದಿಟ್ಟಿಸಿದರು.

"ಗೊತ್ತಿದ್ದೂ ಸುಮ್ನೆ ಕೂತಿದ್ಯಾ?"

"ಹೂಂ. ಬಸುರಿ ಹಸಿದಿದ್ದಾಳೆ ಅಂತ ನಿಮಗೂ ಗೊತ್ತಿತ್ತಲ್ಲ ಆವತ್ತು."

ಮೇಷ್ಟ್ರು ತಲೆ ತಗ್ಗಿಸಿದರು. "ಹಸಿವು ಅಂದ್ರೆ ಹಿಂಗಿರತ್ತೆ ಅಂತ ಗೊತ್ತಿರ್ಲಿಲ್ಲ ಕಣೇ. ಯಾವತ್ತೂ ಗೊತ್ತಾಗ್ಲೇ ಇಲ್ಲ."

"ಕೇಳಿದ್ರೆ ಹೇಳ್ತಿದ್ದೆ."

ಆಕೆ ತಟ್ಟೆಗೆ ಬಡಿಸಿ ಮುಂದಿಟ್ಟಳು. ಅವರು ಕೈ ಹಾಕಲಿಲ್ಲ; "ನೀನು ಮುಗ್ಸು, ಆಮೇಲೆ ಉಣ್ತೀನಿ" ಎಂದರು. "ಈಗ ಉಣ್ಣಿ!" ಎಂದು ಗದರಿದಳು. ಉಂಡರು.

ಕ್ಷಮಿಸಿದಳೇ ಎಂದು ಕೇಳಬೇಡಿ. ಕ್ಷಮಿಸಲಿಲ್ಲ. ಆದರೆ ಅಂದಿನಿಂದ ಮಾತ್ರೆಯನ್ನು ತನ್ನ ಹತ್ತಿರವೇ ಇಟ್ಟುಕೊಂಡು, ಅನ್ನ ಕಲಸಿದ ಮೇಲಷ್ಟೇ ಗಂಡನ ಅಂಗೈಗೆ ಹಾಕುವಳು. "ಎಷ್ಟು ಕಾಳಜಿ ನಿಮಗೆ" ಎಂದು ಡಾಕ್ಟರಮ್ಮ ಹೊಗಳಿದಾಗ, ಯೂನಿಫಾರ್ಮ್ ಅಕ್ಕ ಅಂದಳು: "ಕಾಳಜಿನೂ ಇಲ್ಲ, ಮಣ್ಣೂ ಇಲ್ಲ. ಅವರು ಬದುಕಿರ್ಬೇಕು, ಅಷ್ಟೆ. ಒಂದೇ ಒಂದು ದಿನದ ಹಸಿವು ನೋಡಿದ್ದಾರೆ, ನಂದು ಇನ್ನೂ ಬೇಕಾದಷ್ಟಿದೆ ಹೇಳೋದು."